ಹಳೇ ಕಾರಿನ ಎಂಜಿನ್ ಹೊಸ ಸದ್ದು ಮಾಡುತ್ತಿದೆಯಾ? ಬಿಚ್ಚುವ ಮೊದಲು ಇಷ್ಟು ಮಾಡಿ

ಹಳೇ ಕಾರು ಅಂದಮೇಲೆ ಸದ್ದು ಇದ್ದದ್ದೇ. ಟ್ಯಾಪೆಟ್ (ಎಂಜಿನ್ ವಾಲ್ವ್‌ಗಳನ್ನು ತಳ್ಳುವ ಭಾಗ) ಸ್ವಲ್ಪ ಟಿಕ್ ಟಿಕ್ ಅಂದರೆ ಅದೇನು ಕಾಯಿಲೆ ಅಲ್ಲ. ಆದರೆ ನಿನ್ನೆ ಇಲ್ಲದ ಸದ್ದು ಇವತ್ತು ಬಂದಿದೆ ಅಂದರೆ ಹುಡುಕಲೇಬೇಕು. ಹುಡುಕುವುದು ಅಂದರೆ ಸ್ಪ್ಯಾನರ್ ಹಿಡಿದು ಸೀದಾ ಎಂಜಿನ್‌ನ ಮೇಲ್ಭಾಗ, ಅಂದರೆ ಹೆಡ್ ಬಿಚ್ಚುವುದಲ್ಲ. ಖರ್ಚಿಲ್ಲದ ಪರೀಕ್ಷೆ ಮೊದಲು, ಬಿಚ್ಚುವ ಕೆಲಸ ಕೊನೆಗೆ. ಈ ಕ್ರಮ ಬಿಟ್ಟವರೇ ಫ್ಯುಯೆಲ್ ಪಂಪಿನ ಸದ್ದಿಗೆ ಕ್ಯಾಮ್ ಶಾಫ್ಟ್ (ವಾಲ್ವ್‌ಗಳನ್ನು ಆಡಿಸುವ ದಂಡ) ಬದಲಿಸುವುದು!

ಮೊದಲು ಡಿಪ್‌ಸ್ಟಿಕ್ ಎಳೆದು ಆಯಿಲ್ ನೋಡಿ. ಕಡಿಮೆ ಇದ್ದರೆ ತುಂಬಿಸಿ, ಎಷ್ಟೋ ಸಲ ಕತೆ ಅಲ್ಲಿಗೇ ಮುಗಿಯುತ್ತದೆ. ಸ್ಟಾರ್ಟ್ ಮಾಡಿದ ಮೇಲೆ ಕಣ್ಣು ಆಯಿಲ್ ಪ್ರೆಶರ್ ಗೇಜ್ ಮೇಲಿರಲಿ. ಕೆಳಗಿನಿಂದ ದಬ್ ದಬ್ ಅಂತ ಭಾರವಾದ ಸದ್ದು ಬರುತ್ತಾ ಗೇಜ್ ಮುಳ್ಳೂ ಕೆಳಗಿಳಿದರೆ, ಅಥವಾ ಕೆಂಪು ದೀಪ ಹತ್ತಿಕೊಂಡರೆ, ಅಲ್ಲೇ ಆಫ್ ಮಾಡಿ. ಮುಂದಿನ ಪರೀಕ್ಷೆ ಯಾವುದೂ ಬೇಡ, ಗಾಡಿ ಎಳೆಸಿಕೊಂಡು ಹೋಗಿ. ಸವೆದ ಬೇರಿಂಗ್ ಮೇಲೆ ಓಡಿಸುತ್ತಾ ಹೋದರೆ ಪಿಸ್ಟನ್ನನ್ನು ಕೆಳಗೆ ತಿರುಗುವ ಮುಖ್ಯ ದಂಡಕ್ಕೆ (ಕ್ರ್ಯಾಂಕ್) ಜೋಡಿಸುವ ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್ ಒಡೆದುಕೊಂಡೇ ಹೊರಗೆ ಬರಬಹುದು.

ಪ್ರೆಶರ್ ಸರಿ ಇದ್ದರೆ ಸದ್ದು ಯಾವಾಗ ಬರುತ್ತದೆ ಅಂತ ಗಮನಿಸಿ. ಎಂಜಿನ್ ತಣ್ಣಗಿದ್ದಾಗ ಮಾತ್ರ ಟಕ ಟಕ ಅಂದು ಬಿಸಿಯಾದ ಮೇಲೆ ಕಡಿಮೆಯಾದರೆ ಅದು ಪಿಸ್ಟನ್ ಸಿಲಿಂಡರ್ ಗೋಡೆಗೆ ಬಡಿಯುವುದು ಇರಬಹುದು. ಅಥವಾ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ (ಹೊಗೆ ಕೊಳವೆ ಎಂಜಿನ್‌ಗೆ ಸೇರುವಲ್ಲಿನ ಪಟ್ಟಿ) ಸೋರುತ್ತಿರಬಹುದು. ಈ ಸೋರಿಕೆ ಥೇಟ್ ಟ್ಯಾಪೆಟ್ ಹಾಗೇ ಕೇಳುತ್ತದೆ, ಲೋಹ ಬಿಸಿಯಾಗಿ ಹಿಗ್ಗಿದ ಮೇಲೆ ಸುಮ್ಮನಾಗುತ್ತದೆ. ಗ್ಯಾಸ್ಕೆಟ್ ಅಂಚಿನಲ್ಲಿ ಕಪ್ಪು ಮಸಿ ಕಂಡರೆ ಅದೇ. ಇನ್ನು ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ತಗಡಿನ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ ಕೇಳಿದರೆ ಮೊದಲು ಇಗ್ನಿಷನ್ ಟೈಮಿಂಗ್ ನೋಡಿ. ಕಿಡಿ ಬೇಗ ಹಾರುತ್ತಿರಬಹುದು, ಇಲ್ಲ ಪೆಟ್ರೋಲ್‌ನ ಆಕ್ಟೇನ್ (ಇಂಥ ಬಡಿತ ತಡೆಯುವ ಗುಣ) ಸಾಲದಿರಬಹುದು. ಗೇರ್ ನ್ಯೂಟ್ರಲ್‌ನಲ್ಲಿಟ್ಟು ಕ್ಲಚ್ ಕೂಡ ಒತ್ತಿ ನೋಡಿ. ಒತ್ತಿದಾಗ ಸದ್ದು ಬಂದರೆ ಕ್ಲಚ್‌ನ ರಿಲೀಸ್ ಬೇರಿಂಗ್, ಒತ್ತಿದಾಗ ಹೋದರೆ ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್ ಬೇರಿಂಗ್ ಮೇಲೆ ಅನುಮಾನ. ಅಂದರೆ ಎಂಜಿನ್ ಪಾಪ ಏನೂ ಮಾಡಿರುವುದಿಲ್ಲ.

ಈಗ ಸದ್ದಿನ ವೇಗ. ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ತಿರುಗುವುದು ಒಂದೇ ಸುತ್ತು. ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ಇರುವ ಕಾರಿನಲ್ಲಿ ಟೈಮಿಂಗ್ ಲೈಟನ್ನು (ಪ್ಲಗ್ ಕಿಡಿಗೆ ತಕ್ಕಂತೆ ಮಿಂಚುವ ದೀಪ) ಒಂದನೇ ಪ್ಲಗ್ ವೈರಿಗೆ ಸಿಕ್ಕಿಸಿದರೆ ಅದೂ ಎರಡು ಸುತ್ತಿಗೆ ಒಮ್ಮೆ ಮಿಂಚುತ್ತದೆ. ಲೈಟ್ ನೋಡುತ್ತಾ ಸದ್ದು ಕೇಳಿ. ಮಿಂಚಿಗೊಂದು ಟಿಕ್ ಅಂದರೆ ಹೆಚ್ಚಾಗಿ ಮೇಲಿನ ವಾಲ್ವ್ ಕಡೆಯದ್ದು. ಮಿಂಚಿಗೆರಡು ಏಟು ಅಂದರೆ ಕೆಳಗಿನ ಕ್ರ್ಯಾಂಕ್ ಕಡೆಯದ್ದು. ಸಾವಿರ ಊಹೆಗಿಂತ ಇದು ವಾಸಿ.

ಆಮೇಲೆ ಜಾಗ ಹುಡುಕಬೇಕು. ಕಾರು ಬಯಲಿನಲ್ಲಿರಲಿ, ಮುಚ್ಚಿದ ಶೆಡ್‌ನಲ್ಲಿ ಎಕ್ಸಾಸ್ಟ್ ಹೊಗೆ ಪ್ರಾಣಕ್ಕೇ ಕುತ್ತು. ಹ್ಯಾಂಡ್‌ಬ್ರೇಕ್ ಹಾಕಿ, ಸಡಿಲ ತೋಳು, ದುಪಟ್ಟಾ, ಉದ್ದ ಕೂದಲು ಯಾವುದೂ ಫ್ಯಾನ್ ಹತ್ತಿರ ಹೋಗದಿರಲಿ. ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು ತುದಿಯನ್ನು ಎಂಜಿನ್ ಮೈಗೆ, ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಒತ್ತಿ. ವಾಲ್ವ್ ಕವರ್, ಬ್ಲಾಕ್ ಪಕ್ಕ, ಟೈಮಿಂಗ್ ಚೈನ್ ಕವರ್, ಡೈನಮೊ, ವಾಟರ್ ಪಂಪ್, ಹೀಗೆ ಒಂದೊಂದಾಗಿ ಹೋಗಿ. ಬ್ಲಾಕ್ ಪಕ್ಕದ ಮೆಕ್ಯಾನಿಕಲ್ ಫ್ಯುಯೆಲ್ ಪಂಪ್ ಮರೆಯಬೇಡಿ, ಅದರ ಸನ್ನೆಯನ್ನು ಕ್ಯಾಮೇ ತಳ್ಳುವುದರಿಂದ ಅದೂ ಟ್ಯಾಪೆಟ್ ತಾಳದಲ್ಲೇ ಟಿಕ್ ಅನ್ನುತ್ತದೆ. ಗರ ಗರ, ಕೀಚು ಕೀಚು ಆದರೆ ಫ್ಯಾನ್ ಬೆಲ್ಟ್ ಬಿಚ್ಚಿಟ್ಟು ಅರ್ಧ ನಿಮಿಷ ಮಾತ್ರ ಓಡಿಸಿ. ಸದ್ದು ಹೋದರೆ ಡೈನಮೊ ಅಥವಾ ವಾಟರ್ ಪಂಪ್ ಬೇರಿಂಗ್. ಬೆಲ್ಟ್ ಇಲ್ಲದೆ ಜಾಸ್ತಿ ಹೊತ್ತು ಓಡಿಸಿದರೆ ಎಂಜಿನ್ ಕಾಯುತ್ತದೆ.

ಟ್ಯಾಪೆಟ್ ಅಂತಲೇ ಅನಿಸಿದರೆ ಕವರ್ ತೆಗೆದು ಐಡ್ಲಿಂಗ್‌ನಲ್ಲಿ ಪ್ರತಿ ರಾಕರ್ (ವಾಲ್ವ್ ಒತ್ತುವ ತೋಳು) ಮತ್ತು ವಾಲ್ವ್ ನಡುವೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿ. ಆಯಿಲ್ ಸ್ವಲ್ಪ ಎರಚುತ್ತದೆ, ಹಳೇ ಬಟ್ಟೆ ಹಾಕಿಕೊಳ್ಳಿ. ಯಾವುದಕ್ಕೆ ತೂರಿಸಿದಾಗ ಸದ್ದು ನಿಂತಿತೋ ಅದೇ ಕಳ್ಳ. ಅಡ್ಜಸ್ಟ್ ಮಾಡುವಾಗ ಎಂಜಿನ್ ನಿಲ್ಲಿಸಿ. ಸಾಲಾಗಿ ನಾಲ್ಕು ಸಿಲಿಂಡರ್, ಎಂಟು ವಾಲ್ವ್ ಇರುವ ಬಹಳಷ್ಟು ಎಂಜಿನ್‌ಗಳಿಗೆ ಒಂಬತ್ತರ ಲೆಕ್ಕ ನಡೆಯುತ್ತದೆ: 8ನೇ ವಾಲ್ವ್ ಪೂರ್ತಿ ತೆರೆದಾಗ 1ನೇದನ್ನು ಅಡ್ಜಸ್ಟ್ ಮಾಡಿ, 6 ತೆರೆದಾಗ 3, ಹೀಗೆ ಎರಡೂ ಸೇರಿ ಒಂಬತ್ತು. ಎಷ್ಟು ಸಂದು ಬಿಡಬೇಕು ಅನ್ನುವುದು ಆ ಕಾರಿನ ಮ್ಯಾನುಯಲ್‌ನಲ್ಲಿರುತ್ತದೆ. ಹಳೇ ಮಿನಿ ಕಾರಿಗೆ ಎಂಜಿನ್ ತಣ್ಣಗಿರುವಾಗ 0.012 ಇಂಚು. ಸದ್ದೇ ಬೇಡ ಅಂತ ಬಿಗಿ ಮಾಡಿಬಿಡುವವರಿದ್ದಾರೆ, ಅದು ಮಾತ್ರ ಬೇಡ. ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಸಂದು ಸರಿ ಮಾಡಿದರೂ ಮತ್ತೆ ಮತ್ತೆ ಸಡಿಲವಾಗುತ್ತಿದ್ದರೆ ಕ್ಯಾಮ್ ಸವೆಯುತ್ತಿದೆಯಾ ನೋಡಿ. ಇಂಥ ಎಂಜಿನ್‌ಗೆ ಜಿಂಕ್ ಅಂಶ ಜಾಸ್ತಿ ಇರುವ ಆಯಿಲ್ ಬೇಕು, ಈಗಿನ ಎಷ್ಟೋ ಆಯಿಲ್‌ಗಳಲ್ಲಿ ಅದು ಕಡಿಮೆ.

ಸದ್ದು ಕೆಳಗಿನದು ಅನಿಸಿದರೆ ಒಂದೊಂದೇ ಸಿಲಿಂಡರ್ ಕೆಲಸ ನಿಲ್ಲಿಸಿ ನೋಡಬೇಕು. ಎಂಜಿನ್ ಆಫ್ ಮಾಡಿ, ಒಂದು ಪ್ಲಗ್ ವೈರ್ ತೆಗೆದು ಅದಕ್ಕೆ ಬೇರೆ ಪ್ಲಗ್ ಸಿಕ್ಕಿಸಿ, ಅದರ ಮೈ ಬ್ಲಾಕಿಗೆ ಗಟ್ಟಿಯಾಗಿ ತಾಗುವ ಹಾಗೆ ಕಟ್ಟಿ. ಕಾರ್ಬ್ಯುರೇಟರ್‌ನಿಂದ ದೂರ ಇರಲಿ, ಕಿಡಿ ಹಾರುತ್ತದಲ್ವಾ. ವೈರ್ ಸುಮ್ನೆ ನೇತಾಡಲು ಬಿಟ್ಟರೆ ಇಗ್ನಿಷನ್ ಕಾಯಿಲ್ ಹಾಳಾಗಬಹುದು. ಸ್ಟಾರ್ಟ್ ಮಾಡಿ ಕೇಳಿ. ಏಟು ಸ್ಪಷ್ಟವಾಗಿ ಕಡಿಮೆಯಾದರೆ ಆ ಸಿಲಿಂಡರಿನ ರಾಡ್ ಬೇರಿಂಗ್ ಅಥವಾ ಪಿಸ್ಟನ್. ಯಾವ ಪ್ಲಗ್ ತೆಗೆದರೂ ಬದಲಾಗದ, ಭಾರ ಬಿದ್ದಾಗ ಹೆಚ್ಚಾಗುವ ದಪ್ಪ ಸದ್ದು ಕ್ರ್ಯಾಂಕನ್ನು ಹಿಡಿದಿರುವ ಮೇನ್ ಬೇರಿಂಗಿನದು ಇರಬಹುದು. ಅದಕ್ಕೂ ಮೊದಲು ಕ್ರ್ಯಾಂಕ್ ಪುಲ್ಲಿ ಬೋಲ್ಟ್ ಮತ್ತು ಫ್ಲೈವೀಲ್ ಬೋಲ್ಟ್‌ಗಳು ಸಡಿಲ ಇವೆಯಾ ನೋಡಿ, ಅವೂ ಹೀಗೇ ಹೆದರಿಸುತ್ತವೆ.

ರಾಡ್ ಬೇರಿಂಗ್ ಅಂತ ಖಾತ್ರಿಯಾದರೆ ಸಂಪ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಇಳಿಸಿ ಆ ರಾಡಿನ ಕ್ಯಾಪ್ ಬಿಚ್ಚಿ. ಕ್ರ್ಯಾಂಕ್ ಮೇಲೆ ಉಗುರು ಆಡಿಸಿದಾಗ ಗೀರು ಸಿಕ್ಕದೆ, ಅಳತೆಯೂ ಮ್ಯಾನುಯಲ್ ಪ್ರಕಾರ ಸರಿ ಇದ್ದರೆ ಹೊಸ ಶೆಲ್ (ಬೇರಿಂಗಿನ ಅರ್ಧ ಉಂಗುರಗಳು) ಹಾಕಿದರೆ ಸಾಕು. ಗೀರು ಸಿಕ್ಕರೆ ಕ್ರ್ಯಾಂಕ್ ಹೊರಗೆ ತೆಗೆದು ಗ್ರೈಂಡ್ ಮಾಡಿಸಿ, 0.010 ಇಂಚೋ 0.020 ಇಂಚೋ ಅಂಡರ್‌ಸೈಜ್ (ಗ್ರೈಂಡ್ ಆಗಿ ಸಣ್ಣದಾದ ಕ್ರ್ಯಾಂಕಿಗೆ ಹೊಂದುವ) ಶೆಲ್ ಕೂರಿಸಬೇಕಾಗುತ್ತದೆ.