ಟಿ ಕೋಶಗಳ ಮೇಲೆ ಅಡೆನೊಸಿನ್ ಪ್ರಯೋಗ: ಶುರು ಮಾಡುವವರಿಗೆ

ಅಡೆನೊಸಿನ್ ಎಂಬ ಸಣ್ಣ ಅಣು ರೋಗನಿರೋಧಕ ಟಿ ಕೋಶಗಳ ಚುರುಕನ್ನು ತಗ್ಗಿಸುತ್ತದೆಯೇ ಎಂದು ನೋಡುವ ಪ್ರಯೋಗ ಇದು. ಹೊಸದಾಗಿ ಲ್ಯಾಬಿಗೆ ಬಂದವರು ನೇರವಾಗಿ ಅಡೆನೊಸಿನ್ ಬಾಟಲಿಗೇ ಕೈ ಹಾಕುತ್ತಾರೆ. ನಾನು ಮೊದಲು ಕೇಳುವುದು ಮೀಡಿಯಾದಲ್ಲಿ (ಕೋಶ ಬೆಳೆಸುವ ದ್ರವದಲ್ಲಿ) ಏನೇನಿದೆ ಅಂತ. ದನದ ಸೀರಮ್ ಹಾಕಿದ್ದರೆ ಅದರ ಜೊತೆಗೇ ಅಡೆನೊಸಿನ್ ಡಿಅಮಿನೇಸ್ ಕಿಣ್ವವೂ ಬಂದಿರುತ್ತದೆ. ನೀವು ಹಾಕಿದ ಅಡೆನೊಸಿನ್ನನ್ನು ಅದು ಇನೊಸಿನ್ ಮಾಡುತ್ತಾ ಹೋಗುತ್ತದೆ. ಇನ್ನಷ್ಟನ್ನು ಕೋಶಗಳೇ ಒಳಗೆಳೆದುಕೊಳ್ಳುತ್ತವೆ. ಮೂರು ದಿನ ಬಿಟ್ಟು ಸೈಟೊಕೈನ್ (ಟಿ ಕೋಶಗಳು ಹೊರಬಿಡುವ ಸಂಕೇತ ಪ್ರೋಟೀನ್) ಅಳೆದು ‘ಏನೂ ಪರಿಣಾಮವಿಲ್ಲ’ ಎಂದು ಬರೆದರೆ ಅದಕ್ಕೆ ಅರ್ಥವೇ ಇಲ್ಲ.

ಅದಕ್ಕೇ ಮೊದಲ ಸಲ ನೆಕಾ (ಅಡೆನೊಸಿನ್ನಿನಂತೆಯೇ ಕೆಲಸ ಮಾಡುವ ಕೃತಕ ಅಣು) ಬಳಸಿ, 1 ಮೈಕ್ರೊಮೋಲಾರ್. ಡಿಅಮಿನೇಸ್ ಅದನ್ನು ಮುಟ್ಟುವುದಿಲ್ಲ. ಆದರೆ ಅದು ಎ1, ಎ2ಎ, ಎ2ಬಿ, ಎ3 ಯಾವ ಅಡೆನೊಸಿನ್ ರಿಸೆಪ್ಟರನ್ನೂ (ಕೋಶದ ಮೇಲೆ ಅಡೆನೊಸಿನ್ ಹಿಡಿಯುವ ಪ್ರೋಟೀನ್) ಬಿಡುವುದಿಲ್ಲವಾದ್ದರಿಂದ ಪ್ಲೇಟಿನ ಪಕ್ಕದ ವೆಲ್‌ಗಳಲ್ಲಿ (ಗುಳಿಗಳಲ್ಲಿ) ಎ2ಎಗೆ ಮೀಸಲಾದ ಸಿಜಿಎಸ್21680 ಇರಲಿ. ಎ2ಎ ಮೇಲೆ ಇಷ್ಟು ಗಮನ ಯಾಕೆಂದರೆ, ಅದಿಲ್ಲದ ಇಲಿಗಳಲ್ಲಿ ಉರಿಯೂತ ಹತೋಟಿ ತಪ್ಪಿ ಅಂಗಾಂಶ ಹಾಳಾಗುತ್ತದೆಂದು ಓಹ್ತಾ ಮತ್ತು ಸಿಟ್ಕೋವ್ಸ್ಕಿ 2001ರಲ್ಲೇ ತೋರಿಸಿದ್ದಾರೆ.

ಪ್ಲೇಟಿಗೆ ಹಾಕುವ ಕ್ರಮ ಹೀಗೆ: ಕೋಶಗಳು, ಆಮೇಲೆ ಎ2ಎ ತಡೆಯುವ ಔಷಧ (100 ನ್ಯಾನೊಮೋಲಾರ್ ಝಡ್‌ಎಂ241385), ಅರ್ಧ ಗಂಟೆ ಬಿಟ್ಟು ನೆಕಾ ಅಥವಾ ಸಿಜಿಎಸ್, ಕೊನೆಗೆ ಟಿ ಕೋಶಗಳನ್ನು ಉದ್ದೀಪಿಸುವ ಸಿಡಿ3/ಸಿಡಿ28 ಮಣಿಗಳು. ಮಣಿ ಜಾಸ್ತಿಯಾದರೆ ಉದ್ದೀಪನೆಯ ಅಬ್ಬರದಲ್ಲಿ ಎ2ಎ ಮೂಲಕ ಟಿ ಕೋಶಗಳಿಗೆ ಬೀಳುವ ತಡೆ ಕಾಣಿಸುವುದೇ ಇಲ್ಲ. ಎರಡು ಮೂರು ಪ್ರಮಾಣ ಇಟ್ಟು ನೋಡಿ. ಎಲ್ಲ ವೆಲ್‌ಗಳಲ್ಲೂ ಡಿಎಂಎಸ್‌ಒ (ಔಷಧ ಕರಗಿಸುವ ದ್ರವ) ಒಂದೇ ಸಮ ಇರಲಿ.

ಝಡ್‌ಎಂ ಒಂದನ್ನೇ ಹಾಕಿದ ವೆಲ್ಲನ್ನು ಯಾವತ್ತೂ ಬಿಡಬೇಡಿ. ನನಗಂತೂ ಇಡೀ ಪ್ಲೇಟಿನಲ್ಲಿ ಅದರ ಮೇಲೇ ಕಣ್ಣು. ಅಲ್ಲಿ ಇಂಟರ್‌ಫೆರಾನ್ ಗಾಮಾ (ನಾವು ಅಳೆಯುವ ಸೈಟೊಕೈನ್) ಏರಿದ್ದರೆ ಕೋಶಗಳೇ ಅಡೆನೊಸಿನ್ ತಯಾರಿಸುತ್ತಿವೆ ಎಂಬ ಗುಮಾನಿ ಬರಬೇಕು: ಹೊರಗೆ ಬಂದ ಎಟಿಪಿಯನ್ನು ಕೋಶದ ಮೇಲಿನ ಸಿಡಿ39 ಕಿಣ್ವ ಎಎಂಪಿ ಮಾಡುತ್ತದೆ, ಅದನ್ನು ಸಿಡಿ73 ಕಿಣ್ವ ಅಡೆನೊಸಿನ್ ಮಾಡುತ್ತದೆ. ಖಚಿತಪಡಿಸಿಕೊಳ್ಳಲು ಈ ಎರಡಕ್ಕೂ ಸ್ಟೇನ್ ಮಾಡಿ. ಇಲಿಯ ಟಿ-ರೆಗ್‌ಗಳ (ಇತರ ಟಿ ಕೋಶಗಳನ್ನು ಹತೋಟಿಯಲ್ಲಿಡುವ ಟಿ ಕೋಶಗಳ) ಮೇಲೆ ಎರಡೂ ಚೆನ್ನಾಗಿ ಕಾಣುತ್ತವೆ. ಮನುಷ್ಯರ ಟಿ-ರೆಗ್‌ಗಳಲ್ಲಿ ಸಿಡಿ39 ಧಾರಾಳ, ಹೊರಮೈಯಲ್ಲಿ ಸಿಡಿ73 ಮಾತ್ರ ಕಡಿಮೆ. ಇಲಿಯ ಪೇಪರ್ ಓದಿಕೊಂಡು ಮನುಷ್ಯರ ರಕ್ತಕ್ಕೆ ಕೈ ಹಾಕುವವರು ಇಲ್ಲೇ ಎಡವುವುದು.

ಎ2ಎ ಕೆಲಸ ಮಾಡಿದ್ದಕ್ಕೆ ನೇರ ಸಾಕ್ಷಿ ಕೋಶದೊಳಗೆ ಏರುವ ಸೈಕ್ಲಿಕ್ ಎಎಂಪಿ ಎಂಬ ಸಂಕೇತ ಅಣು. ಅದನ್ನು ಹದಿನೈದರಿಂದ ಮೂವತ್ತು ನಿಮಿಷದೊಳಗೆ ಅಳೆಯಬೇಕು. ಅದು ಕರಗಿಹೋಗದಂತೆ ಐಬಿಎಂಎಕ್ಸ್ ಹಾಕಿ ಎಂದು ಎಷ್ಟೋ ಕಿಟ್‌ಗಳಲ್ಲಿ ಬರೆದಿರುತ್ತದೆ. ಈ ಪ್ರಯೋಗದಲ್ಲಿ ಖಂಡಿತ ಬೇಡ. ಐಬಿಎಂಎಕ್ಸ್ ಕೆಫೀನ್‌ನ ದಾಯಾದಿ, ಅಡೆನೊಸಿನ್ ರಿಸೆಪ್ಟರ್‌ಗಳನ್ನೇ ತಡೆದುಬಿಡುತ್ತದೆ. ಬದಲಿಗೆ ರೋಲಿಪ್ರಾಮ್ ಬಳಸಿ.

ಇಷ್ಟೆಲ್ಲ ಆದಮೇಲೆ ನಿಜವಾದ ಅಡೆನೊಸಿನ್ ಹಾಕಿ ನೋಡಬೇಕೆನಿಸಿದರೆ ಡಿಅಮಿನೇಸ್ ತಡೆಯುವ ಇಎಚ್‌ಎನ್‌ಎ ಜೊತೆಗಿರಲಿ. ಆ ಪ್ಲೇಟಿನಲ್ಲಿ ಸತ್ತ ಕೋಶಗಳ ಡೈ ಮರೆಯಬೇಡಿ: ಡಿಅಮಿನೇಸ್ ನಿಂತರೆ ಕೋಶಗಳೇ ಸಾಯಬಹುದು, ಈ ಕಿಣ್ವ ಹುಟ್ಟಿನಿಂದಲೇ ಇಲ್ಲದ ಮಕ್ಕಳಲ್ಲಿ ಲಿಂಫೊಸೈಟ್‌ಗಳೇ ಉಳಿಯುವುದಿಲ್ಲ. ಇಂಟರ್‌ಫೆರಾನ್ ಇಳಿದದ್ದು ರಿಸೆಪ್ಟರ್‌ನಿಂದಲೋ ಕೋಶ ಸತ್ತದ್ದರಿಂದಲೋ ಅನ್ನುವುದನ್ನು ಡೈ ನೋಡಿಯೇ ಹೇಳಬೇಕು. ಬದುಕಿದ ಕೋಶಗಳ ಸಂಖ್ಯೆ ಕಂಟ್ರೋಲಿಗಿಂತ ತೀರಾ ಕೆಳಗಿದ್ದರೆ ಆ ವೆಲ್‌ಗಳ ಅಂಕಿ ಬಿಟ್ಟು, ಪ್ರಮಾಣ ತಗ್ಗಿಸಿ ಮತ್ತೆ ಮಾಡಿ.