ಗುಂಟೆ ರೇಟಿಗೆ ಮೊದಲು ಪಹಣಿಯ 3ನೇ ಕಾಲಂ

ಜಮೀನು ನೋಡಲು ಹೋದರೆ ಬ್ರೋಕರ್ ಮೊದಲು ಹೇಳುವುದೇ ರೇಟು. ನಾನು ಅದನ್ನು ಬರೆದಿಟ್ಟುಕೊಂಡು ಪಹಣಿಯ 3ನೇ ಕಾಲಂ ನೋಡುತ್ತೇನೆ. ಒಟ್ಟು ವಿಸ್ತೀರ್ಣದ ಕೆಳಗೇ 'ಅ' ಖರಾಬು, 'ಬ' ಖರಾಬು ಇರುತ್ತವೆ. 'ಅ' ಅಂದರೆ ಬಂಡೆ, ಗುಂಡಿಯಂಥ ಸಾಗುವಳಿಗೆ ಬಾರದ ನೆಲ. 'ಬ' ಅಂದರೆ ಹಳ್ಳ, ದಾರಿ, ಸ್ಮಶಾನ. ಅದನ್ನು ಮಾರುವ ಹಕ್ಕು ಯಾರಿಗೂ ಇಲ್ಲ. 2 ಎಕರೆ 10 ಗುಂಟೆಗೆ, ಅಂದರೆ 90 ಗುಂಟೆಗೆ, 90 ಲಕ್ಷ ಹೇಳಿದ್ದಾರೆ ಅನ್ನಿ. 8 ಗುಂಟೆ 'ಬ' ಖರಾಬಿದ್ದರೆ ಕೈಗೆ ಬರುವುದು 82 ಗುಂಟೆ. ಗುಂಟೆಗೆ 1 ಲಕ್ಷ ಅಂದದ್ದು 1.10 ಲಕ್ಷದ ಹತ್ತಿರ ಹೋಯಿತು. ಚೌಕಾಸಿ ಇಲ್ಲಿಂದ ಶುರು.

ಆಮೇಲೆ ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆಯಾದ ಆಕಾರ್‌ಬಂದ್ ಜೊತೆ ತಾಳೆ. ಸರ್ವೆ ನಂಬರಿನ ಮುಂದೆ 'ಪೈಕಿ' ಅಂತಿದ್ದರೆ ಪಾಲು ಕಾಗದದಲ್ಲಿ ಮಾತ್ರ ಆಗಿದೆ, ಪೋಡಿ (ಅಳತೆ ಮಾಡಿ ಪಾಲು ಬೇರ್ಪಡಿಸುವುದು) ಆಗಿಲ್ಲ. ಪೈಕಿದಾರರೆಲ್ಲರ ಪಹಣಿ ತೆಗೆದು ಕೂಡಿ ನೋಡಿ. 4 ಎಕರೆಯ ನಂಬರಿನಲ್ಲಿ ಮೊತ್ತ 4 ಎಕರೆ 15 ಗುಂಟೆ ಬಂದರೆ, ಆ 15 ಗುಂಟೆ ಯಾರ ಪಾಲಿನಿಂದ ಕಳೆಯುತ್ತದೋ ಅಳತೆ ಆಗುವವರೆಗೆ ಹೇಳಲಾಗದು. ಪೈಕಿ ಜಮೀನು ಅಗ್ಗಕ್ಕೆ ಸಿಗುವುದೇ ಇದಕ್ಕೆ. ನಂಬರಿನ ಒಂದು ಭಾಗ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ಗುರುತಿಸಿದ 11ಇ ನಕ್ಷೆ ಬೇಕೇ ಬೇಕು. ಅಳತೆಯ ದಿನ ಚೆಕ್ಕುಬಂದಿಯವರೆಲ್ಲ (ಅಕ್ಕಪಕ್ಕದ ಜಮೀನಿನವರು) ಇರುವಂತೆ ನೋಡಿಕೊಂಡು, ಬಾಂದುಕಲ್ಲುಗಳ ಫೋಟೊ ತೆಗೆದಿಡುತ್ತೇನೆ.

ಋಣಭಾರ ಪತ್ರ (ಇಸಿ) ನೋಡಿ ನಿಶ್ಚಿಂತೆಯಾಗುವವರೇ ಹೆಚ್ಚು. ಅದರಲ್ಲಿ ನೋಂದಣಿಯಾದದ್ದಷ್ಟೇ ಕಾಣುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡಿದ್ದರೆ, ನಾಲ್ಕು ಕೈ ದಾಟಿದ್ದರೂ 1978ರ ಪಿಟಿಸಿಎಲ್ ಕಾಯ್ದೆಯಡಿ ಕ್ರಯ ರದ್ದಾಗುತ್ತದೆ. 2023ರ ತಿದ್ದುಪಡಿ ಬಂದ ಮೇಲೆ, ಅರ್ಜಿ ಹಾಕಲು ಕಾಯ್ದೆಯಲ್ಲಿ ಕಾಲಮಿತಿಯೂ ಇಲ್ಲ. ಹಾಗಾಗಿ ಹಳೆಯ ಕೈಬರಹದ ಪಹಣಿ, ಮ್ಯುಟೇಶನ್ (ಹಕ್ಕು ಬದಲಾವಣೆಯ ದಾಖಲೆ), ಜಮೀನು ಮಂಜೂರಾದಾಗ ಕೊಡುವ ಸಾಗುವಳಿ ಚೀಟಿ ಸಿಗುವವರೆಗೆ ಅಡ್ವಾನ್ಸ್ ಕೊಡುವುದಿಲ್ಲ.

ಇನ್ನು ಕ್ರಯಪತ್ರದಲ್ಲಿ ಎಷ್ಟು ತೋರಿಸುವುದು? ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ಬೆಲೆಯಷ್ಟೇ ಬರೆದು ಉಳಿದದ್ದನ್ನು ನಗದಿನಲ್ಲಿ ಕೊಟ್ಟರೆ ಸ್ಟಾಂಪ್ ಡ್ಯೂಟಿ ಉಳಿಯುತ್ತದೆ, ನಿಜ. ಬ್ಯಾಂಕು ಮಾತ್ರ ಕಾಗದದ ಬೆಲೆ ನೋಡಿ ಸಾಲ ಕೊಡುತ್ತದೆ. ನಾಳೆ ಬೈಪಾಸಿಗೆ ಜಮೀನು ಹೋದರೆ? 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಪರಿಹಾರಕ್ಕೆ ಆಧಾರ ಮಾರ್ಗಸೂಚಿ ಬೆಲೆ, ಇಲ್ಲವೇ ಸುತ್ತಲಿನ 3 ವರ್ಷಗಳ ಕ್ರಯಪತ್ರಗಳಲ್ಲಿ ಹೆಚ್ಚು ಬೆಲೆಯ ಅರ್ಧದಷ್ಟು ಪತ್ರಗಳ ಸರಾಸರಿ. ಯಾವುದು ಹೆಚ್ಚೋ ಅದು. ಊರಿಗೆ ಊರೇ ಕಡಿಮೆ ಬರೆಸಿದ್ದರೆ ಆ ಸರಾಸರಿಯೂ ಮಾರ್ಗಸೂಚಿ ಬೆಲೆಯ ಮಟ್ಟದಲ್ಲೇ ನಿಲ್ಲುತ್ತದೆ.