ಸೈಕಲ್ ಬೀಗ ಯಾವುದಕ್ಕೆ ಹಾಕ್ತೀರಿ?

ಕ್ಯಾಂಪಸ್‌ನಲ್ಲಿ ಸೈಕಲ್ ಓಡಿಸುವವರಿಗೆ ಒಂದು ಮಾತು. "ಬೀಗ ಹಾಕಿದ್ದೆ, ಆದರೂ ಹೋಯ್ತು" ಅಂತ ಕೇಳಿದಾಗಲೆಲ್ಲ ನನಗೆ ಮೊದಲು ಬರುವ ಪ್ರಶ್ನೆ, ಬೀಗ ಯಾವುದಕ್ಕೆ ಹಾಕಿದ್ದಿರಿ? ಮುಂದಿನ ಚಕ್ರಕ್ಕೆ ಮಾತ್ರ ಹಾಕಿದರೆ ಕಳ್ಳ ಆ ಚಕ್ರವನ್ನು ಅಲ್ಲೇ ಬಿಟ್ಟು ಉಳಿದದ್ದನ್ನು ಒಯ್ಯುತ್ತಾನೆ. ಕೈಯಲ್ಲೇ ಲಿವರ್ ಎಳೆದು ಬಿಚ್ಚುವ ಕ್ವಿಕ್ ರಿಲೀಸ್ ಚಕ್ರವಾದರೆ ಸ್ಪ್ಯಾನರ್ ಕೂಡ ಬೇಡ.

ಫ್ರೇಮ್ ಮತ್ತು ಹಿಂದಿನ ಚಕ್ರ ಎರಡನ್ನೂ ಸೇರಿಸಿ, ನೆಲಕ್ಕೆ ಭದ್ರವಾಗಿ ಕೂರಿಸಿದ ಸ್ಟ್ಯಾಂಡಿಗೆ ಬೀಗ ಹಾಕಿ. ಗಿಡ್ಡ ಕಂಬ ಬೇಡ, ಸೈಕಲ್ಲನ್ನೇ ಮೇಲಕ್ಕೆತ್ತಿ ತೆಗೆಯಬಹುದು. ತೆಳು ಕೇಬಲ್ ಬೀಗ ಕಟರ್ ಮುಂದೆ ದಾರ ಇದ್ದ ಹಾಗೆ. ಯು ಆಕಾರದ ಬೀಗ ಭಾರ ನಿಜ, ಆದರೆ ಅದೇ ವಾಸಿ. ಬೀಗದೊಳಗೆ ಖಾಲಿ ಜಾಗ ಕಡಿಮೆ ಇದ್ದಷ್ಟೂ ಸಲಾಕೆ ತೂರಿಸಿ ಮೀಟುವುದು ಕಷ್ಟ. "ಎರಡೇ ನಿಮಿಷ, ಪುಸ್ತಕ ಕೊಟ್ಟು ಬರ್ತೀನಿ" ಅಂದಾಗಲೂ ಹಾಕಿ. ಕಳ್ಳನಿಗೆ ಎರಡು ನಿಮಿಷ ಜಾಸ್ತಿಯೇ ಆಯ್ತು!

ಇವತ್ತೇ ಸೈಕಲ್ ತಲೆಕೆಳಗು ಮಾಡಿ ಫ್ರೇಮ್ ನಂಬರಿನ ಫೋಟೊ ತೆಗೆದಿಡಿ. ಸಾಮಾನ್ಯವಾಗಿ ಪೆಡಲ್‌ಗಳ ನಡುವೆ, ಫ್ರೇಮಿನ ಅಡಿಯಲ್ಲಿ ಕೊರೆದಿರುತ್ತದೆ. ಆ ಫೋಟೊ ಇಲ್ಲದಿದ್ದರೆ ಸಿಕ್ಕ ಸೈಕಲ್ ನಿಮ್ಮದೇ ಅಂತ ತೋರಿಸೋದು ಹೇಗೆ, ಅಲ್ವಾ? ಬಿಲ್ಲನ್ನೂ ಜೋಪಾನ ಮಾಡಿ.

ಓಡಿಸುವಾಗ ನಿಂತ ಕಾರುಗಳಿಂದ ಒಂದು ಬಾಗಿಲಿನಷ್ಟು ದೂರ ಇರಿ, ಯಾವಾಗ ತೆರೆಯುತ್ತದೋ ಗೊತ್ತಾಗಲ್ಲ. ಕ್ಲಾಸ್ ಬಿಡುವ ಹೊತ್ತಿಗೆ ಎಲ್ಲರೂ ಫೋನ್ ನೋಡುತ್ತಾ ನಡೆಯುತ್ತಾರೆ, ಆಗ ನಿಧಾನ. ಕತ್ತಲಾದರೆ ಮುಂದೆ ಬಿಳಿ, ಹಿಂದೆ ಕೆಂಪು ಲೈಟ್ ಇರಲಿ. ಬೀಗ ಹಾಕಿ ಹೋಗುವಾಗ ಅವನ್ನೂ ಬಿಚ್ಚಿಕೊಂಡು ಹೋಗಿ.